ಮತಕ್ಕೆ ತಕ್ಕಷ್ಟು ಸೀಟು: ಇದು ನ್ಯಾಯವೇ?

ಪ್ರತಿ ಚುನಾವಣೆಯ ಫಲಿತಾಂಶ ಬಂದಾಗಲೂ ಈ ಪ್ರಶ್ನೆ ಬರುತ್ತದೆ: ಪಕ್ಷ ಗಳಿಸಿದ ಮತಕ್ಕೆ ತಕ್ಕಂತೆ ಸೀಟು ಹಂಚುವ ಪ್ರಮಾಣಾನುಗುಣ ಪ್ರಾತಿನಿಧ್ಯ ಈಗಿನ ಪದ್ಧತಿಗಿಂತ ನ್ಯಾಯವೇ? ಹೌದು ಎಂದೇ ನನ್ನ ಉತ್ತರ. ಆದರೆ ಆ ನ್ಯಾಯವನ್ನು ಕೆಡಿಸುವಷ್ಟು ಶಕ್ತಿ ಅದರ ಸಣ್ಣಪುಟ್ಟ ನಿಯಮಗಳಿಗಿದೆ.

ಕರ್ನಾಟಕ ವಿಧಾನಸಭೆಯ 2018ರ ಲೆಕ್ಕ ನೋಡಿ. ಆ ಮೇ ತಿಂಗಳಲ್ಲಿ ಮತದಾನ ನಡೆದ 222 ಕ್ಷೇತ್ರಗಳಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 38.1, ಬಿಜೆಪಿಗೆ ಶೇ 36.3, ಜೆಡಿಎಸ್‌ಗೆ ಶೇ 18.3 ಮತ ಬಿತ್ತು. ಸೀಟು ಬಂದದ್ದು ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಯಾರೂ ಮೋಸ ಮಾಡಿರಲಿಲ್ಲ. ಕ್ಷೇತ್ರದಲ್ಲಿ ಒಂದೇ ಮತ ಮುಂದಿದ್ದರೂ ಗೆಲುವು ಗೆಲುವೇ; ಸೋತವರಿಗೆ ಬಿದ್ದ ಮತದ ಆಯುಷ್ಯ ಅಲ್ಲಿಗೆ ಮುಗಿಯಿತು. ಕಾಂಗ್ರೆಸ್ ಮತ ರಾಜ್ಯದ ಉದ್ದಗಲಕ್ಕೂ ಹರಡಿತ್ತು, ಜೆಡಿಎಸ್ ಮತ ಹಳೇ ಮೈಸೂರು ಭಾಗದಲ್ಲಿ ಒತ್ತಾಗಿತ್ತು. ಎಷ್ಟು ಮತ ಎನ್ನುವಷ್ಟೇ ಎಲ್ಲಿಯ ಮತ ಎನ್ನುವುದೂ ಸೀಟನ್ನು ತೀರ್ಮಾನಿಸಿತು.

ಇದೇ ಮತಗಳನ್ನು ನ್ಯೂಜಿಲೆಂಡ್ ಬಳಸುವ ಸಾಂತ್-ಲಾಗ್ ವಿಧಾನದಲ್ಲಿ ಹಂಚಿ ನೋಡೋಣ. ಕಾಗದ, ಪೆನ್ನು ಸಾಕು. ಪ್ರತಿ ಪಕ್ಷದ ಮತವನ್ನು 1, 3, 5, 7 ಹೀಗೆ ಬೆಸಸಂಖ್ಯೆಗಳಿಂದ ಭಾಗಿಸುತ್ತ ಹೋಗಬೇಕು. ಎಷ್ಟು ಸೀಟಿದೆಯೋ ಅಷ್ಟು ಅಂಕಿಗಳನ್ನು ದೊಡ್ಡದರಿಂದ ಗುರುತು ಹಾಕುತ್ತ ಬರಬೇಕು. ಹತ್ತೇ ಸೀಟು ಎಂದಿಟ್ಟುಕೊಂಡರೆ ಕಾಂಗ್ರೆಸ್ ಸಾಲು 38.1, 12.7, 7.6, 5.4, 4.2, ಬಿಜೆಪಿ ಸಾಲು 36.3, 12.1, 7.3, 5.2, 4.0, ಜೆಡಿಎಸ್ ಸಾಲು 18.3, 6.1, 3.7. ದೊಡ್ಡ ಹತ್ತನ್ನು ಎಣಿಸಿದರೆ 4, 4, 2. ಹತ್ತನೇ ಸೀಟು ಬಿಜೆಪಿಯ 5.2ಕ್ಕೆ ಸಿಕ್ಕಿತು, ಕಾಂಗ್ರೆಸ್‌ನ 4.2 ಹೊರಗುಳಿಯಿತು. ಪದ್ಧತಿ ಬದಲಾದರೆ ಜನ ಮತ ಹಾಕುವ ರೀತಿಯೂ ಬದಲಾಗುತ್ತದೆ, ಹಾಗಾಗಿ ಇದನ್ನು ಭವಿಷ್ಯ ಎಂದು ಓದಬೇಡಿ. ಲೆಕ್ಕ ಹೇಗೆ ನಡೆಯುತ್ತದೆ ಎಂದು ತೋರಿಸಲು ಇಷ್ಟು ಸಾಕು.

ಹೀಗೆ ಸೀಟು ಹಂಚಿಹೋಗಿ ಸಮ್ಮಿಶ್ರ ಸರ್ಕಾರ ಬಂದರೆ ಸ್ಥಿರತೆ ಇರುವುದಿಲ್ಲ ಎಂಬ ಭಯ ಸುಳ್ಳಲ್ಲ. ಆದರೆ ಈಗಿನ ಪದ್ಧತಿಯೇ 2018ರಲ್ಲಿ ಅತಂತ್ರ ವಿಧಾನಸಭೆ ಕೊಟ್ಟಿತು, ಮೈತ್ರಿ ಸರ್ಕಾರ 2019ರ ಜುಲೈನಲ್ಲಿ ಬಿತ್ತು.

ನಿಜವಾಗಿ ಎಡವುವುದು ಕನಿಷ್ಠ ಮಿತಿಯಲ್ಲಿ, ಅಂದರೆ ಸೀಟು ಪಡೆಯಲು ಪಕ್ಷವೊಂದು ದಾಟಲೇಬೇಕಾದ ಮತಪ್ರಮಾಣದಲ್ಲಿ. ಟರ್ಕಿ ಅದನ್ನು ಶೇ 10ಕ್ಕೆ ಇಟ್ಟಿತ್ತು. 2002ರಲ್ಲಿ ದಾಟಿದ್ದು ಎರಡೇ ಪಕ್ಷ. ಶೇ 34ರಷ್ಟು ಮತ ಪಡೆದ ಎಕೆ ಪಕ್ಷಕ್ಕೆ 550ರಲ್ಲಿ 363 ಸೀಟು ಹೋಯಿತು. ಸುಮಾರು ಶೇ 45ರಷ್ಟು ಮತದಾರರ ಪರವಾಗಿ ಸಂಸತ್ತಿನಲ್ಲಿ ಒಬ್ಬರೂ ಕೂರಲಿಲ್ಲ. ಹೆಸರಿಗೆ ಅದೂ ಪ್ರಮಾಣಾನುಗುಣ ಪದ್ಧತಿಯೇ! ಇನ್ನೊಂದು ತುದಿಯಲ್ಲಿ ನೆದರ್‌ಲೆಂಡ್ಸ್ ಇದೆ. ಅಲ್ಲಿ 150ರಲ್ಲಿ ಒಂದು ಪಾಲು, ಅಂದರೆ ಶೇ 0.67 ಮತ ಸಾಕು. 2021ರ ಚುನಾವಣೆಯಲ್ಲಿ 17 ಪಕ್ಷಗಳು ಒಳಗೆ ಬಂದವು, ಸರ್ಕಾರ ರಚನೆಗೆ 299 ದಿನ ಹಿಡಿಯಿತು. ಶೇ 3ರಿಂದ 5ರ ನಡುವೆ ಮಿತಿ ಇಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಎರಡನೆಯದು ಪಟ್ಟಿ, ಅಂದರೆ ಪಕ್ಷಕ್ಕೆ ಬಂದ ಸೀಟು ಯಾರಿಗೆ ಎಂದು ತೀರ್ಮಾನಿಸುವ ಅಭ್ಯರ್ಥಿಗಳ ಸಾಲು. ಅಭ್ಯರ್ಥಿಗಳ ಕ್ರಮವನ್ನು ಪಕ್ಷವೇ ಬರೆದು, ಮತದಾರರು ಬದಲಿಸಲಾಗದಂತೆ ಮಾಡಿದರೆ, ಮೊದಲ ಸಾಲಿನಲ್ಲಿರುವವರು ಮತದಾರರಿಗೆ ಅಂಜಬೇಕಿಲ್ಲ, ನಾಯಕರಿಗೆ ಅಂಜಿದರೆ ಸಾಕು. ನಮ್ಮಲ್ಲಿ ಟಿಕೆಟ್ ಹಂಚುವ ರೀತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಿನ್‌ಲೆಂಡ್ ಇದಕ್ಕೆ ಸರಳ ದಾರಿ ಹುಡುಕಿದೆ. ಮತದಾರ ಮತಪತ್ರದಲ್ಲಿ ತನಗೆ ಬೇಕಾದ ಒಬ್ಬ ಅಭ್ಯರ್ಥಿಯ ಸಂಖ್ಯೆ ಬರೆಯುತ್ತಾನೆ. ಆ ಮತ ಮೊದಲು ಪಕ್ಷದ ಲೆಕ್ಕಕ್ಕೆ ಸೇರುತ್ತದೆ. ಪಕ್ಷಕ್ಕೆ ಬಂದ ಸೀಟು, ಅದರೊಳಗೆ ಹೆಚ್ಚು ವೈಯಕ್ತಿಕ ಮತ ಪಡೆದವರಿಗೆ ಹೋಗುತ್ತದೆ.

"ನಮ್ಮ ಊರಿನ ಎಂಎಲ್ಎ ಯಾರು ಹಾಗಾದರೆ?" ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. ಚರಂಡಿ, ರೇಷನ್ ಕಾರ್ಡ್, ಆಸ್ಪತ್ರೆ ಎಂದು ಹೋಗಿ ಹಿಡಿಯಲು ಒಬ್ಬರು ಬೇಕು. ಅದಕ್ಕೇ ನ್ಯೂಜಿಲೆಂಡ್ 1996ರಿಂದ ಎರಡು ಮತ ಕೊಟ್ಟಿದೆ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಪಕ್ಷದ ಮತ ಒಟ್ಟು ಸೀಟನ್ನು ನಿಗದಿ ಮಾಡುತ್ತದೆ. ಅದರಲ್ಲಿ ಕ್ಷೇತ್ರದಲ್ಲಿ ಗೆದ್ದದ್ದನ್ನು ಕಳೆದು, ಉಳಿದದ್ದನ್ನು ಪಟ್ಟಿಯಿಂದ ತುಂಬುತ್ತಾರೆ. ನಮಗೆ ಒಪ್ಪುವುದು ಇದೇ, ಪಟ್ಟಿಯನ್ನು ಮಾತ್ರ ಫಿನ್‌ಲೆಂಡ್ ರೀತಿ ಮತದಾರರ ಆಯ್ಕೆಗೆ ಬಿಡಬೇಕು.

ಆ "ಕಳೆದು" ಎಂಬ ಪದದ ಮೇಲೆ ಕಣ್ಣಿಡಿ. ಮಿಶ್ರ ಪದ್ಧತಿ ತರೋಣ ಎಂದು ಯಾರೇ ಹೇಳಿದರೂ, ಕಳೆಯುತ್ತೀರಾ ಇಲ್ಲವಾ ಎಂದು ಮೊದಲು ಕೇಳಿ. ನೇಪಾಳ ಕಳೆಯುವುದಿಲ್ಲ, ಅಲ್ಲಿ 165 ಕ್ಷೇತ್ರದ ಸೀಟು, 110 ಪಟ್ಟಿಯ ಸೀಟು ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. 2017ರಲ್ಲಿ ಪಟ್ಟಿಯ ಮತದಲ್ಲಿ ಕಮ್ಯುನಿಸ್ಟ್ ಪಕ್ಷ ಯುಎಂಎಲ್‌ಗೆ ಶೇ 33, ನೇಪಾಳಿ ಕಾಂಗ್ರೆಸ್‌ಗೂ ಹತ್ತಿರ ಹತ್ತಿರ ಅಷ್ಟೇ. ಪಟ್ಟಿಯ ಸೀಟು 41 ಮತ್ತು 40. ಕ್ಷೇತ್ರಗಳಲ್ಲಿ ಮಾವೋವಾದಿಗಳ ಜೊತೆ ಹೊಂದಾಣಿಕೆ ಮಾಡಿಕೊಂಡಿದ್ದ ಯುಎಂಎಲ್ 80 ಗೆದ್ದಿತು, ನೇಪಾಳಿ ಕಾಂಗ್ರೆಸ್ 23. ಕೊನೆಗೆ ಒಬ್ಬರಿಗೆ 121, ಇನ್ನೊಬ್ಬರಿಗೆ 63.