ಹಾಕಿಕೊಳ್ಳೋದು ಎಲ್ಲರೂ ಕಲಿಸುತ್ತಾರೆ, ತೆಗೆಯೋದು?

ಹೊರದೇಶದಲ್ಲಿ ಕೆಲಸ ಮಾಡಬೇಕೆಂದಿರುವ ನರ್ಸ್‌ಗಳಿಗೆ ನಾನು ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರ ಇಂಗ್ಲಿಷ್ ಕೆಟ್ಟದಾಗೇನೂ ಇರುವುದಿಲ್ಲ. ಬಿಪಿ, ಶುಗರ್, ಡ್ರಿಪ್ ಬಗ್ಗೆ ಕೇಳಿದರೆ ಉಸಿರು ತೆಗೆದುಕೊಳ್ಳದೆ ಮಾತಾಡುತ್ತಾರೆ. "ಸರಿ, ಈಗ ರೋಗಿಯ ಎದೆ ಪರೀಕ್ಷೆ ಆಗಬೇಕು. ಅಂಗಿ ತೆಗೆಯಲು ಹೇಗೆ ಹೇಳುತ್ತೀರಿ?" ಅಂತ ಕೇಳಿ ನೋಡಿ. ಎಲ್ಲರ ಮೈಕೂ ಮ್ಯೂಟ್.

ಇದಕ್ಕೆ ನಾನು ಬೈಯುವುದು ಪಠ್ಯಪುಸ್ತಕಗಳನ್ನು. 'ಕ್ಲೋತ್ಸ್' ಅನ್ನೋ ಪಾಠದಲ್ಲಿ ಟೋಪಿ, ಕೋಟು, ಸಾಕ್ಸ್ ಎಲ್ಲಾ ಬಣ್ಣಬಣ್ಣದ ಚಿತ್ರಗಳಲ್ಲಿ ಇರುತ್ತವೆ. ಆ ಚಿತ್ರಗಳಲ್ಲಿನ ಜನ ಸದಾ ನೀಟಾಗಿ ಬಟ್ಟೆ ಹಾಕಿಕೊಂಡೇ ನಿಂತಿರುತ್ತಾರೆ. ಒಬ್ಬರೂ ಒಂದು ಗುಂಡಿ ಕೂಡ ಬಿಚ್ಚುವುದಿಲ್ಲ. ಬರೆದವರಿಗೆ ನಾಚಿಕೆ ಇರಬೇಕು, ಪಾಪ. ಆದರೆ ಆಸ್ಪತ್ರೆಯಲ್ಲಿ ಮೊದಲು ಬೇಕಾಗುವುದು ಆ ಅರ್ಧವೇ.

ಹಾಕಿಕೊಳ್ಳುವ ಅರ್ಧದಲ್ಲಿ ತೊಡಕು ಒಂದೇ. 'ಗೌನ್ ಹಾಕಿಕೊಳ್ಳುತ್ತಿದ್ದಾಳೆ', 'ಗೌನ್ ಹಾಕಿಕೊಂಡಿದ್ದಾಳೆ'. ನಮಗೆ ಕ್ರಿಯಾಪದ ಒಂದೇ, ಬಾಲ ಬದಲಾಯಿಸಿದರೆ ಮುಗಿಯಿತು. ಇಂಗ್ಲಿಷಿಗೆ ಎರಡು ಬೇಕು. ಕೈ ತೂರಿಸುತ್ತಾ ಇದ್ದರೆ 'ಪುಟಿಂಗ್ ಆನ್', ಆಗಲೇ ಮೈಮೇಲಿದ್ದರೆ 'ವೇರಿಂಗ್'. ಬಟ್ಟೆಯ ಹೆಸರು ಹೇಳದೆ ಸುಮ್ನೆ 'ರೆಡಿಯಾಗಿ' ಅನ್ನಬೇಕಾದರೆ 'ಗೆಟ್ ಡ್ರೆಸ್ಡ್'. ಇಷ್ಟು ಸಾಕು, ಮುಂದೆ ಹೋಗೋಣ.

ತೆಗೆಯುವ ಕಡೆ ನಮ್ಮ 'ಬಿಚ್ಚು' ಸ್ವಲ್ಪ ಕಾಟ ಕೊಡುತ್ತದೆ. ನಾವು ಗುಂಡಿಯನ್ನೂ ಬಿಚ್ಚುತ್ತೇವೆ, ಅಂಗಿಯನ್ನೂ ಬಿಚ್ಚುತ್ತೇವೆ. ಇಂಗ್ಲಿಷಿನಲ್ಲಿ ಗುಂಡಿ, ಜಿಪ್, ಲಾಡಿಗೆ 'ಅನ್‌ಡೂ', ಅಂಗಿಗೆ 'ಟೇಕ್ ಆಫ್'. 'ಓಪನ್ ಯುವರ್ ಶರ್ಟ್' ಅಂದರೆ ಗುಂಡಿ ಬಿಚ್ಚಿ ಎರಡೂ ಪಕ್ಕಕ್ಕೆ ಸರಿಸಿ ಅಂತ. ಅಂಗಿ ಮೈಮೇಲೇ ಇರುತ್ತದೆ. ಸ್ಟೆತಸ್ಕೋಪ್ ಇಡೋಕೆ ಎಷ್ಟೋ ಸಲ ಅಷ್ಟೇ ಸಾಕು. ಪೂರ್ತಿ ತೆಗೆಸಬೇಕಾದಾಗ ಅದನ್ನು ಹೇಳಿದರೆ ರೋಗಿ ಅರ್ಧದಲ್ಲೇ ನಿಂತುಬಿಡುತ್ತಾರೆ.

'ರಿಮೂವ್' ತಪ್ಪೇನಲ್ಲ, ಆದರೆ ಗೋಡೆಯ ಬೋರ್ಡ್ ಮಾತಾಡಿದ ಹಾಗಿರುತ್ತದೆ. ಬ್ರಿಟನ್ನಿನ ನರ್ಸ್‌ಗಳ ಬಾಯಲ್ಲಿ ಜಾಸ್ತಿ ಬರುವುದು 'ಪಾಪ್'. 'ಕುಡ್ ಯು ಪಾಪ್ ಯುವರ್ ಟಾಪ್ ಆಫ್ ಫಾರ್ ಮಿ?' ಆ ಒಂದು ಪದ ಕೆಲಸವನ್ನು ಚಿಕ್ಕದು ಮಾಡಿಬಿಡುತ್ತದೆ, ಈಗ ತೆಗೆದು ಈಗ ಹಾಕಿಕೊಂಡರಾಯಿತು ಅನ್ನೋ ಹಾಗೆ. 'ಸ್ಲಿಪ್ ಆಫ್' ಕೂಡ ಮೆತ್ತಗಿದೆ. ನನ್ನ ಪ್ರಕಾರ ಈ ಎರಡು ಕಲಿತರೆ ವ್ಯಾಕರಣದ ಹತ್ತು ಪಾಠಕ್ಕೆ ಸಮ. 'ಸ್ಟ್ರಿಪ್' ಮಾತ್ರ ಒರಟು. ಅದರಲ್ಲಿ ಬಲವಂತದ ವಾಸನೆ ಇದೆ. ಆದರೂ 'ಸ್ಟ್ರಿಪ್ ಟು ದ ವೇಸ್ಟ್' ಅನ್ನೋದು ಡಾಕ್ಟರುಗಳ ಹಳೆಯ ಮಾತು, ಕಿವಿಗೆ ಬಿದ್ದೇ ಬೀಳುತ್ತದೆ. "ಮೇಡಂ, ಸೊಂಟದಿಂದ ಮೇಲೋ ಕೆಳಗೋ?" ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮೇಲಿನದು. ಕೆಳಗಿನದು ಇದ್ದಲ್ಲೇ ಇರಲಿ.

ಈಗ ನಿಜವಾಗಿ ಅಪಾಯದ ಜಾಗ. ಅಮೆರಿಕದಲ್ಲಿ 'ಪ್ಯಾಂಟ್ಸ್' ಅಂದರೆ ನಮ್ಮ ಪ್ಯಾಂಟೇ. ಬ್ರಿಟನ್ನಿನಲ್ಲಿ ಒಳಚಡ್ಡಿ. ಮಂಡಿ ನೋವು ಅಂತ ಬಂದ ಬ್ರಿಟಿಷ್ ಅಜ್ಜನಿಗೆ 'ಟೇಕ್ ಆಫ್ ಯುವರ್ ಪ್ಯಾಂಟ್ಸ್' ಅಂದರೆ ಅವರ ಮುಖ ಹೇಗಾಗಬಹುದು ನೋಡಿ. ಅಲ್ಲಿ 'ಟ್ರೌಸರ್ಸ್' ಅನ್ನಬೇಕು. 'ವೆಸ್ಟ್' ಕೂಡ ಹೀಗೇ: ಬ್ರಿಟನ್ನಿನಲ್ಲಿ ಬನಿಯನ್, ಅಮೆರಿಕದಲ್ಲಿ ಶರ್ಟಿನ ಮೇಲೆ ಹಾಕುವ ತೋಳಿಲ್ಲದ ಕೋಟು. 'ಸಸ್ಪೆಂಡರ್ಸ್' ಅಮೆರಿಕದಲ್ಲಿ ಪ್ಯಾಂಟ್ ಜಾರದಂತೆ ಹೆಗಲ ಮೇಲೆ ಹಾಕುವ ಪಟ್ಟಿ, ಬ್ರಿಟನ್ನಿನಲ್ಲಿ ಕಾಲುಚೀಲ ಎಳೆದು ಹಿಡಿಯುವ ಪಟ್ಟಿ. ಇದು ಮಂಡಿ ನೋವಿನ ಪ್ರಕರಣದಲ್ಲಿ ಬರಲಿಕ್ಕಿಲ್ಲ, ಇರಲಿ.

ಇನ್ನೊಂದು ಪದ 'ಎಕ್ಸ್‌ಪೋಸ್'. ತುರ್ತು ಚಿಕಿತ್ಸೆಯಲ್ಲಿ ಎಬಿಸಿಡಿಇ ಅನ್ನೋ ಕ್ರಮ ನರ್ಸ್‌ಗಳಿಗೆಲ್ಲ ಬಾಯಿಪಾಠ: ಏರ್‌ವೇ, ಬ್ರೀದಿಂಗ್, ಸರ್ಕ್ಯುಲೇಷನ್, ಡಿಸೆಬಿಲಿಟಿ, ಎಕ್ಸ್‌ಪೋಷರ್. ಕೊನೆಯದರ ಅರ್ಥ, ಬಟ್ಟೆ ತೆಗೆದು ಮೈಯೆಲ್ಲಾ ನೋಡಿ, ಗಾಯ ಎಲ್ಲೂ ಕಣ್ತಪ್ಪದಿರಲಿ, ಹಾಗೇ ಮೈ ತಣ್ಣಗಾಗಲು ಬಿಡಬೇಡಿ ಅಂತ. ನರ್ಸ್‌ಗಳು ತಮ್ಮೊಳಗೆ ಮಾತಾಡುವಾಗ ಇದು ಶುದ್ಧ ಪದ. ಅದನ್ನೇ ರೋಗಿಯ ಕಡೆ ತಿರುಗಿಸಿ 'ಎಕ್ಸ್‌ಪೋಸ್ ಯುವರ್‌ಸೆಲ್ಫ್' ಅಂದರೆ ಅದು ಪೊಲೀಸ್ ಕೇಸಿನ ಭಾಷೆ. ಸಾರ್ವಜನಿಕವಾಗಿ ಬೆತ್ತಲಾಗುವ ಅಪರಾಧಕ್ಕೆ ಇಂಗ್ಲಿಷಿನಲ್ಲಿ 'ಇಂಡೀಸೆಂಟ್ ಎಕ್ಸ್‌ಪೋಷರ್' ಅಂತಲೇ ಹೆಸರು.

ಬಟ್ಟೆ ಇಲ್ಲದ ಸ್ಥಿತಿಗೂ ಮೂರ್ನಾಲ್ಕು ಪದ. 'ನೇಕೆಡ್' ಹಳೆಯ ಇಂಗ್ಲಿಷಿನದು, 'ನ್ಯೂಡ್' ಲ್ಯಾಟಿನ್‌ನಿಂದ ಬಂದದ್ದು. ಎರಡಕ್ಕೂ ನಾವು ಸಂಸ್ಕೃತದಿಂದ ಪಡೆದ 'ನಗ್ನ'ಕ್ಕೂ ಮೂಲ ಒಂದೇ, ಅಂದರೆ ಇವು ದೂರದ ದಾಯಾದಿಗಳು. ಕಲಾ ಇತಿಹಾಸಕಾರ ಕೆನೆತ್ ಕ್ಲಾರ್ಕ್ 1956ರಲ್ಲಿ ಇವೆರಡರ ನಡುವೆ ಗೆರೆ ಎಳೆದ. ನೇಕೆಡ್ ಅಂದರೆ ಬಟ್ಟೆ ಕಳೆದುಕೊಂಡು ಮುಜುಗರ ಪಡುವವನು, ನ್ಯೂಡ್ ಅಂದರೆ ಕಲೆಯಲ್ಲಿ ನೆಮ್ಮದಿಯಾಗಿ ನಿಂತ ದೇಹ. ಹಾಗೆ ನೋಡಿದರೆ ರೋಗಿ ಖಂಡಿತ ನೇಕೆಡ್. ಆದರೆ ಅವರೆದುರು ಎರಡೂ ಬೇಡ. 'ಅನ್‌ಡ್ರೆಸ್ಡ್' ಅನ್ನಿ. 'ಬೇರ್' ಒಂದು ಅಂಗಕ್ಕೆ ಸೇರಿದ್ದು, ಬರಿಗಾಲು, ಬರಿತೋಳು ಅಂತೀವಲ್ಲ, ಹಾಗೆ. 'ಸ್ಟಾರ್ಕ್ ನೇಕೆಡ್' ಮೊದಲು 'ಸ್ಟಾರ್ಟ್ ನೇಕೆಡ್' ಆಗಿತ್ತಂತೆ. ಸ್ಟಾರ್ಟ್ ಅಂದರೆ ಆಗ ಬಾಲ! ಹಿಂಭಾಗದವರೆಗೂ ಬೆತ್ತಲೆ ಅಂತ ಅರ್ಥ. ಪರೀಕ್ಷೆಗೆ ಬರಲ್ಲ, ನಿದ್ದೆ ಬಂದ ಬ್ಯಾಚನ್ನು ಎಬ್ಬಿಸಲು ಹೇಳುತ್ತೇನೆ.

'ಡ್ರೆಸ್' ಬಗ್ಗೆ ನರ್ಸ್‌ಗಳೇ ಚೆನ್ನಾಗಿ ಜಗಳ ಮಾಡುತ್ತಾರೆ. ಗಾಯಕ್ಕೂ ಡ್ರೆಸ್ಸಿಂಗ್ ಯಾಕೆ ಅಂತ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ನೇರ ಮಾಡು, ಸರಿಪಡಿಸು. ಗಾಯ ಸರಿಪಡಿಸು, ಕಲ್ಲು ಕೆತ್ತಿ ಸರಿಪಡಿಸು, ಮೈಯನ್ನು ಬಟ್ಟೆಯಲ್ಲಿ ಸರಿಪಡಿಸು. 'ಡ್ರೆಸ್ಡ್ ಚಿಕನ್' ಅಂದರೆ ಪುಕ್ಕ ಕಿತ್ತು ಕ್ಲೀನ್ ಮಾಡಿದ ಕೋಳಿ. ಅದರ ಮಟ್ಟಿಗೆ ಡ್ರೆಸ್ ಆಗುವುದು ಅಂದರೆ ಪೂರ್ತಿ ಬೆತ್ತಲಾಗುವುದು.

2020ರ ಕೊರೊನಾ ನರ್ಸ್‌ಗಳಿಗೆ ಒಂದು ಹಳೆಯ ಜೋಡಿಯನ್ನು ಕೊಟ್ಟಿತು: 'ಡಾನಿಂಗ್' ಮತ್ತು 'ಡಾಫಿಂಗ್'. 'ಡೂ ಆನ್' ಸೇರಿ 'ಡಾನ್', 'ಡೂ ಆಫ್' ಸೇರಿ 'ಡಾಫ್'. ಪುಸ್ತಕದಲ್ಲಿ ಮಲಗಿದ್ದ ಪದಗಳು ಪಿಪಿಇ ಕಿಟ್ ಜೊತೆ ಎದ್ದು ಬಂದವು. ಇಲ್ಲೂ ಹೆಚ್ಚು ಗಮನ ಬೇಕಾದದ್ದು ತೆಗೆಯುವ ಕಡೆಗೇ. ಕಿಟ್‌ನ ಹೊರಮೈಯೆಲ್ಲಾ ಆಗ ಕೊಳೆಯಾಗಿರುತ್ತದೆ. ಗ್ಲೌಸ್ ಮೊದಲು, ಮಾಸ್ಕ್ ಕೊನೆಗೆ, ಅದೂ ಕೋಣೆಯಿಂದ ಹೊರಬಂದ ಮೇಲೆ. ಕ್ರಮ ತಪ್ಪಿದರೆ ಸೋಂಕು ತಗಲುವುದು ಅಲ್ಲೇ.

ಈ ಜೋಡಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಉಕ್ಕಿನ ಕಾರ್ಖಾನೆಯ ಕೆಲಸಗಾರರು ರಕ್ಷಣಾ ಉಡುಪು ಹಾಕಿ ತೆಗೆಯುವ ಸಮಯಕ್ಕೂ ಸಂಬಳ ಕೇಳಿದ್ದರು. ಬಟ್ಟೆ ಬದಲಿಸುವ ಸಮಯಕ್ಕೆ ಅವರ ಯೂನಿಯನ್ ಒಪ್ಪಂದದಲ್ಲಿ ಸಂಬಳ ಇರಲಿಲ್ಲ. ಹಾಗಾಗಿ ಇದು 'ಬಟ್ಟೆ ಬದಲಿಸುವುದು' ಆಗುತ್ತದೋ ಇಲ್ಲವೋ ಅನ್ನೋದು ಪ್ರಶ್ನೆ. 2014ರಲ್ಲಿ ತೀರ್ಪು ಬಂತು. ಬೆಂಕಿ ತಡೆಯುವ ಜಾಕೆಟ್, ಗ್ಲೌಸ್, ಹೆಲ್ಮೆಟ್ ಎಲ್ಲಾ ಬಟ್ಟೆಯೇ. ಕನ್ನಡಕ, ಇಯರ್‌ಪ್ಲಗ್, ರೆಸ್ಪಿರೇಟರ್ ಬಟ್ಟೆ ಅಲ್ಲ. ಒಟ್ಟು ಸಮಯದಲ್ಲಿ ಬಟ್ಟೆಯದ್ದೇ ಹೆಚ್ಚು, ಹಾಗಾಗಿ ಸಂಬಳ ಇಲ್ಲ. ಕೆಲಸಗಾರರ ಬಗ್ಗೆ ನನಗೆ ಬೇಜಾರಾಯಿತು. ಆದರೆ ಹೆಲ್ಮೆಟ್ ಬಟ್ಟೆಯೇ ಅಂತ ನ್ಯಾಯಾಧೀಶರು ಕೂತು ವಾದ ಮಾಡಿದ್ದು ಓದೋಕೆ ಮಜಾ ಇದೆ.

ಕೊನೆಯದು ಪರದೆಯ ಆಚೆಯಿಂದ ಕೇಳುವ ಮಾತು: 'ಆರ್ ಯು ಡೀಸೆಂಟ್?' ಒಳ್ಳೆಯವರಾ ಅಂತ ಕೇಳುತ್ತಿಲ್ಲ. ಒಳಗೆ ಬರುವಷ್ಟು ಬಟ್ಟೆ ಮೈಮೇಲಿದೆಯಾ ಅಂತ. ಸಹೋದ್ಯೋಗಿ ಡ್ರೆಸ್ಸಿಂಗ್ ರೂಮಿನಲ್ಲಿದ್ದರೆ ತಮಾಷೆಯಾಗಿ ಕೇಳಬಹುದು. ರೋಗಿಗೆ ಬೇಡ. ಅವರಿಗೆ 'ಕ್ಯಾನ್ ಐ ಕಮ್ ಇನ್?' ಅಂತ ಕೇಳಿ, ಉತ್ತರ ಬರುವವರೆಗೆ ಪರದೆ ಮುಟ್ಟಬೇಡಿ.