ಚಿಕ್ಕಪೇಟೆಯ ಹಳೆಯ ಮನೆ ಏಕೆ ಅಗ್ಗ?

ನಾನು ಮತ್ತು ನನ್ನ ಪತ್ನಿ ಕೊಳ್ಳುವ ಯೋಚನೆಯಲ್ಲಿರುವ ಮನೆ ತುಮಕೂರಿನ ಚಿಕ್ಕಪೇಟೆಯ ಒಂದು ಒಳಬೀದಿಯಲ್ಲಿದೆ. ನಿವೇಶನದ ಅಳತೆ 25×38 ಅಡಿ. ಮಾಲೀಕರು ಹೇಳುತ್ತಿರುವ ಬೆಲೆ 40 ಲಕ್ಷ ರೂಪಾಯಿ. ನಾವು ವಿಚಾರಿಸಿದ ಹೊಸ ಬಡಾವಣೆಗಳಲ್ಲಿ ಈ ಹಣಕ್ಕೆ ಮನೆಯ ಮಾತು ಹಾಗಿರಲಿ, ಇಷ್ಟೇ ಅಳತೆಯ ಒಳ್ಳೆಯ ಖಾಲಿ ನಿವೇಶನ ಸಿಗುವುದೂ ಕಷ್ಟವಾಗಿತ್ತು. ಬಸ್ ನಿಲ್ದಾಣ, ಮಂಡಿಪೇಟೆ, ಮಕ್ಕಳ ಶಾಲೆ ಎಲ್ಲವೂ ಹತ್ತಿರವಿರುವ ಜಾಗದಲ್ಲಿ ಬೆಲೆ ಕಡಿಮೆಯಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಗಾರೆ ಮೇಸ್ತ್ರಿಯ ಕೈಯಲ್ಲಿ ಸರಿಹೋಗುವಂಥದ್ದೋ, ಯಾರ ಕೈಯಲ್ಲೂ ಸರಿಹೋಗದಂಥದ್ದೋ ಎಂಬುದನ್ನು ತಿಳಿಯುವುದೇ ಈಗ ನಮ್ಮ ಮುಂದಿರುವ ಕೆಲಸ.

ಮನೆಯ ಮುಂಭಾಗ ಹಳೆಯದು: ಸೈಜುಗಲ್ಲಿನ ಪಾಯ, ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆಗಳು, ಮೇಲೆ ಕಲ್ಲುಚಪ್ಪಡಿಯ ಚಾವಣಿ, ಕೆಳಗೆ ಇಂದಿಗೂ ಹೊಳಪು ಬಿಡದ ರೆಡ್ ಆಕ್ಸೈಡ್ ನೆಲ. ಹಿಂಭಾಗದ ಅಡುಗೆಮನೆ ಮತ್ತು ಬಚ್ಚಲನ್ನು ಆಮೇಲೆ ಆರ್‌ಸಿಸಿ ಹಾಕಿ ಸೇರಿಸಿದ್ದಾರೆ. ನೋಡಲು ಬಂದವರೆಲ್ಲ ಹಳೆಯ ಭಾಗವನ್ನು ಕೆಡವಿ ಹೊಸ ಭಾಗವನ್ನು ಉಳಿಸಿಕೊಳ್ಳಿ ಎಂದೇ ಸಲಹೆ ಕೊಟ್ಟರು. ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿ ಸಾವಕಾಶವಾಗಿ ನೋಡಿದಾಗ ಕಂಡದ್ದು ಇದಕ್ಕೆ ತದ್ವಿರುದ್ಧ. ಬಚ್ಚಲಿನ ಮೇಲೆ ಇರಿಸಿರುವ ನೀರಿನ ಟ್ಯಾಂಕ್ ವರ್ಷಗಟ್ಟಲೆ ಸೋರಿ, ಆ ನೀರು ಆರ್‌ಸಿಸಿಯೊಳಗಿನ ಕಂಬಿಗಳನ್ನು ಮುಟ್ಟಿದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿದ್ದ ಜಾಗದ ಎರಡು ಪಟ್ಟಿಗಿಂತಲೂ ಹೆಚ್ಚು ಜಾಗವನ್ನು ಬೇಡುವುದರಿಂದ ಅದು ಕೆಳಗಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆದು ಹಾಕುತ್ತದೆ. ಚಾವಣಿಯ ತಳಭಾಗವನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿಯಿರುವ ಕಡೆ ಒಂದು ಸದ್ದು, ಪೊಳ್ಳಾಗಿರುವ ಕಡೆ ಇನ್ನೊಂದು ಸದ್ದು. ಬಚ್ಚಲಿನಲ್ಲಿ ಬಹುಪಾಲು ಪೊಳ್ಳು ಸದ್ದೇ ಬಂತು. ಮೇಲೆ ಹೊಸ ಬಣ್ಣ ಬಳಿದಿದ್ದರು. ಮಾರಾಟಕ್ಕಿಟ್ಟ ಹಳೆಯ ಮನೆಯಲ್ಲಿ ಒಂದೇ ಕೋಣೆಗೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ ಆ ಕೋಣೆಯನ್ನೇ ಮೊದಲು ನೋಡಬೇಕೆಂಬುದು ಮೇಸ್ತ್ರಿಯವರ ಅಭಿಪ್ರಾಯ.

ಹಾಗೆಂದು ಕಲ್ಲುಚಪ್ಪಡಿಯ ಭಾಗಕ್ಕೆ ದೋಷವೇ ಇಲ್ಲವೆಂದಲ್ಲ. ಕಲ್ಲು ಭಾರವನ್ನು ಹೊರುತ್ತದೆ, ಬಾಗುವುದಿಲ್ಲ. ಒಡೆಯುವುದಾದರೆ ಮುನ್ಸೂಚನೆ ಕೊಡದೆ ಒಮ್ಮೆಲೇ ಒಡೆಯುತ್ತದೆ. ಆದ್ದರಿಂದ ಪ್ರತಿಯೊಂದು ಚಪ್ಪಡಿಯ ನಡುಭಾಗದಲ್ಲಿ ಕೂದಲೆಳೆಯಷ್ಟು ಬಿರುಕಾದರೂ ಇದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಚಪ್ಪಡಿಯ ಉದ್ದಕ್ಕೆ ಮಿತಿಯಿರುವ ಕಾರಣ ಕೋಣೆಗಳು ಕಿರಿದಾಗಿರುತ್ತವೆ. ಚಪ್ಪಡಿಗಳು ಕುಳಿತಿರುವುದೇ ಒಳಗೋಡೆಗಳ ಮೇಲಾದ್ದರಿಂದ ನಡುಗೋಡೆ ಒಡೆದು ದೊಡ್ಡ ಹಾಲ್ ಮಾಡುವ ಆಸೆಯನ್ನು ಬಿಡಬೇಕಾಗುತ್ತದೆ. ಮೇಲೊಂದು ಅಂತಸ್ತು ಕಟ್ಟಿ ಬಾಡಿಗೆಗೆ ಕೊಡಬಹುದೆಂದು ದಲ್ಲಾಳಿ ಹೇಳುತ್ತಲೇ ಇದ್ದಾರೆ. ಮಣ್ಣಿನ ಗಾರೆಯ ಗೋಡೆಯ ಮೇಲೆ ಅಂಥ ಭಾರ ಹೇರುವ ಮಾತನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಬಿರುಕುಗಳ ವಿಷಯದಲ್ಲಿ ಜನ ಅನಗತ್ಯವಾಗಿ ಹೆದರುತ್ತಾರೆ. ಹಳೆಯ ಭಾಗವೂ ಹೊಸ ಭಾಗವೂ ಕೂಡುವ ಜಾಗದಲ್ಲಿ ಮೇಲಿಂದ ಕೆಳಕ್ಕೆ ನೇರವಾಗಿ ಇಳಿದಿರುವ ಬಿರುಕು ಎರಡು ಕಟ್ಟಡಗಳು ಬೇರೆಬೇರೆಯಾಗಿ ಕುಳಿತುದರ ಗುರುತು. ಅಲ್ಲಿ ನೀರು ಇಳಿಯದಂತೆ ನೋಡಿಕೊಂಡರೆ ಸಾಕು. ಆರ್‌ಸಿಸಿಯ ಕೆಳಗೆ ಗೋಡೆಯುದ್ದಕ್ಕೂ ಅಡ್ಡವಾಗಿ ಓಡುವ ತೆಳುಬಿರುಕು ಹೆಚ್ಚಾಗಿ ಬಿಸಿಲಿಗೆ ಚಾವಣಿ ಹಿಗ್ಗಿ ಕುಗ್ಗುವುದರಿಂದ ಬರುವಂಥದ್ದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಒಂದು ತುದಿಯಲ್ಲಿ ಅಗಲವಾಗುತ್ತಾ ಹೋಗುವ ಬಿರುಕು ಮಾತ್ರ ಪಾಯ ಕುಸಿಯುತ್ತಿರಬಹುದೆಂಬುದರ ಸೂಚನೆ. ಈ ಮನೆಯಲ್ಲಿ ಅಂಥದ್ದೊಂದು ಹಿತ್ತಲ ಕಡೆಯ ಮೂಲೆಯಲ್ಲಿದೆ. ಅದರ ಹತ್ತಿರದಲ್ಲೇ ಒಳಚರಂಡಿ ಬರುವ ಮುಂಚಿನ ಹಳೆಯ ಪಾಯಿಖಾನೆಯ ಗುಂಡಿ ಇತ್ತೆಂದು ಪಕ್ಕದ ಮನೆಯ ಅಜ್ಜಿ ಹೇಳಿದರು. ಮಾರುವವರು ಅದರ ಬಗ್ಗೆ ಬಾಯಿಬಿಟ್ಟಿರಲಿಲ್ಲ. ಬಿರುಕಿಗೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ ತಾರೀಕು ಬರೆದಿಟ್ಟಿದ್ದೇವೆ. ಅದು ಒಡೆದರೆ ಕುಸಿತ ಇನ್ನೂ ನಿಂತಿಲ್ಲವೆಂದು ಅರ್ಥ.

ನೀರಿನ ವಿಚಾರವನ್ನು ತುಮಕೂರಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹೇಮಾವತಿಯ ನೀರು ಬುಗುಡನಹಳ್ಳಿ ಕೆರೆಗೆ ಬಂದು ನಲ್ಲಿಗೆ ತಲುಪುವ ಊರಿನಲ್ಲಿ ಸಂಪಿನ ಅಳತೆ ಮುಖ್ಯ. ಇಲ್ಲಿನ ಸಂಪು 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳ ಇರುವುದರಿಂದ ಸುಮಾರು 4,200 ಲೀಟರ್ ಹಿಡಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರಿಗೆ ಒಂದು ವಾರಕ್ಕೆ ಸಾಕು. ಬೀದಿಯ ಅಗಲ ಹನ್ನೆರಡು ಅಡಿ, ಕಾರು ಮನೆಯ ಮುಂದೆ ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಮುಂದೊಂದು ದಿನ ಎಲ್ಲವನ್ನೂ ಕೆಡವಿ ಕಟ್ಟಲು ಹೊರಟರೆ ಈಗಿನ ನಿಯಮದಂತೆ ಅಂಚಿನಲ್ಲಿ ಒಂದಷ್ಟು ಜಾಗ ಬಿಡಬೇಕಾಗುತ್ತದೆ. ಅಂಚಿನಿಂದ ಅಂಚಿಗೆ ಕಟ್ಟಿರುವ ಈಗಿನ ಮನೆಯಷ್ಟು ನೆಲ ತುಂಬುವ ಮನೆ ಮತ್ತೆ ಅಲ್ಲಿ ಏಳುವುದಿಲ್ಲ.

ಇಷ್ಟೆಲ್ಲ ಆದರೂ ಇವು ಹಣದಿಂದಲೋ ಹೊಂದಾಣಿಕೆಯಿಂದಲೋ ತೀರುವ ಸಂಗತಿಗಳು. ನನ್ನ ನಿಜವಾದ ಅಳುಕು ಇರುವುದು ಕಾಗದಪತ್ರಗಳಲ್ಲಿ. ಈ ಮನೆಯು ಮಾರುವವರ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿ. ಅವರು ಉಯಿಲು ಬರೆದಿಟ್ಟಿಲ್ಲ. ಖಾತೆ ಈಗ ಹಿರಿಯ ಮಗನೊಬ್ಬರ ಹೆಸರಿನಲ್ಲಿದೆ. ಖಾತೆ ಎಂಬುದು ಪಾಲಿಕೆಗೆ ಕಂದಾಯ ಕಟ್ಟುವವರು ಯಾರೆಂದು ತೋರಿಸುವ ದಾಖಲೆಯೇ ಹೊರತು ಒಡೆತನದ ಹಕ್ಕುಪತ್ರವಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಇಂಥ ಆಸ್ತಿಯಲ್ಲಿ ಪತ್ನಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾದ ಪಾಲು ಇರುತ್ತದೆ. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ, ಅವರ ತಕರಾರು ಏನೂ ಇಲ್ಲ ಎಂದು ಮನೆ ಮಾರುತ್ತಿರುವ ಈ ಅಣ್ಣನವರು ಹೇಳುತ್ತಾರೆ. ತಕರಾರು ಇಲ್ಲದಿದ್ದರೆ ಕ್ರಯಪತ್ರಕ್ಕೆ ಅವರೂ ಬಂದು ಸಹಿ ಹಾಕುವುದಕ್ಕೆ ಅಡ್ಡಿಯೇನಿರಬೇಕು?

ಆಸ್ತಿಯ ಮೇಲಿನ ನೋಂದಾಯಿತ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರವನ್ನು (ಇ.ಸಿ.) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದ ಈಚೆಗೆ ಮಾತ್ರ ಸುಲಭವಾಗಿ ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟು ಕಾಯಬೇಕು. ಆದರೆ ನೋಂದಣಿಯಾಗದ ಕರಾರುಗಳು ಅದರಲ್ಲಿ ಕಾಣುವುದಿಲ್ಲ. ಪೇಟೆಯ ಮನೆಗಳಲ್ಲಿ ಭೋಗ್ಯದ ವ್ಯವಹಾರ ಹೆಚ್ಚು. ಹಿಂದಿನ ಕೋಣೆಯಲ್ಲಿರುವವರು ಬಾಡಿಗೆಯವರೋ, ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೆ ಕುಳಿತವರೋ ಎಂದು ಅವರನ್ನೇ ಕೇಳಿ ತಿಳಿಯಬೇಕು. ಮೂಲ ಕ್ರಯಪತ್ರ ಕಳೆದುಹೋಗಿದೆ ಎಂಬ ಉತ್ತರ ಬಂದರೆ ಅದು ಯಾರ ಬಳಿ ಅಡವಿದೆಯೋ ಎಂಬ ಅನುಮಾನ ಇಟ್ಟುಕೊಳ್ಳುವುದೇ ಒಳ್ಳೆಯದು. ಪತ್ರದಲ್ಲಿರುವ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯನ್ನು, ನಾವೇ ಟೇಪು ಹಿಡಿದು ಅಳೆದೆವು. ಪೂರ್ವದ ಗೋಡೆ ಪಕ್ಕದವರೊಂದಿಗೆ ಜಂಟಿಯಾಗಿದೆ ಎಂಬುದು ಆಗ ತಿಳಿಯಿತು. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿರುವುದರಿಂದ ಅದನ್ನು ಮಾಡಿಸಿಕೊಡುವ ಹೊಣೆ ಮಾರುವವರದ್ದೆಂದು ಮೊದಲೇ ಹೇಳಿದ್ದೇವೆ.

ಹಣದ ಲೆಕ್ಕ ಹಾಕಿದಾಗ ಅಗ್ಗ ಎಂಬ ಮಾತು ಸ್ವಲ್ಪ ಮಂಕಾಯಿತು. ಮುದ್ರಾಂಕ ಶುಲ್ಕ, ಸೆಸ್, ಮೇಲ್ತೆರಿಗೆ ಮತ್ತು 2025ರಲ್ಲಿ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ನಗರದಲ್ಲಿ ಶೇ 7.6 ಆಗುತ್ತದೆ, 40 ಲಕ್ಷಕ್ಕೆ 3 ಲಕ್ಷ 4 ಸಾವಿರ. ಈ ಮೊತ್ತದ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮನೆಯ ಮೌಲ್ಯದ ಶೇ 80. ಹಳೆಯ ಕಟ್ಟಡಕ್ಕೆ ಬ್ಯಾಂಕಿನ ಮೌಲ್ಯಮಾಪಕರು ಬೆಲೆ ಕಡಿಮೆ ಕಟ್ಟಿದರೆ ಸಾಲ ಅದಕ್ಕಿಂತಲೂ ಇಳಿಯುತ್ತದೆ. ಪೂರ್ತಿ 32 ಲಕ್ಷ ಸಿಕ್ಕಿತೆಂದೇ ಇಟ್ಟುಕೊಂಡರೂ 8 ಲಕ್ಷ, ನೋಂದಣಿಯ 3 ಲಕ್ಷ, ಹಿಂಭಾಗವನ್ನು ಕೆಡವಿ ಕಟ್ಟಿ, ವೈರಿಂಗ್ ಮತ್ತು ಪೈಪುಗಳನ್ನು ಬದಲಿಸಲು ಮೇಸ್ತ್ರಿ ಹೇಳಿದ 6 ಲಕ್ಷ ಸೇರಿ 17 ಲಕ್ಷ ನಮ್ಮ ಕೈಯಿಂದಲೇ ಹೋಗಬೇಕು.

ಆದ್ದರಿಂದ ಬಚ್ಚಲು ಮತ್ತು ಅಡುಗೆಮನೆಯ ಭಾಗಕ್ಕೆ ಬೆಲೆಯನ್ನೇ ಕಟ್ಟದೆ, ದುರಸ್ತಿಯ ಖರ್ಚನ್ನು ಕಳೆದು 34 ಲಕ್ಷಕ್ಕೆ ಕೇಳಿದ್ದೇವೆ. ತಾಯಿ ಮತ್ತು ಎಲ್ಲ ಮಕ್ಕಳ ಹೆಸರಿರುವ ವಂಶವೃಕ್ಷ, ಎಲ್ಲರ ಸಹಿ ಇರುವ ನೋಂದಾಯಿತ ಕ್ರಯದ ಕರಾರು ಕೈಗೆ ಬರುವವರೆಗೆ ಮುಂಗಡ ಕೊಡುವುದಿಲ್ಲವೆಂದು ತಿಳಿಸಿದ್ದೇವೆ. ಬೆಲೆಯ ವಿಷಯದಲ್ಲಿ ಅಣ್ಣನವರು ಚೌಕಾಸಿಗೆ ಸಿದ್ಧರಿದ್ದಾರೆ. ತಂಗಿಯರ ಸಹಿಯ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ.