ಇಂಟರಪ್ಟ್ ಪಿನ್ ಎಲ್ಲಿಗೆ ಹೋಗಿದೆ?

ಆ ಆಷಾಢದಲ್ಲಿ ಬೆಂಗಳೂರಿನಿಂದ ಊರಿಗೆ ಹೊರಡುವ ಮೊದಲೇ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಪೂರ್ತಿ ಸೋರ್ಸ್ ಕೋಡ್ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡಿದ್ದೆ. ಅದು ಹಲವು ಜಿಬಿ. ನಮ್ಮ ತೋಟದ ಮನೆ ಇರುವುದು ಸೋಮವಾರಪೇಟೆಯಿಂದ ಶಾಂತಳ್ಳಿಗೆ ಹೋಗುವ ದಾರಿಯಲ್ಲಿ, ಒಳಗೆ. ಪುಷ್ಪಗಿರಿ ಕಡೆಯ ಮಳೆಯೆಲ್ಲ ನಮಗೇ. ಎಷ್ಟೇ ಮರಕಪಾತು ಮಾಡಿಸಿ ಕೊಂಬೆ ಕಡಿಸಿದರೂ ಯಾವುದೋ ಒಂದು ಕೊಂಬೆ ಲೈನ್ ಮೇಲೆ ಬೀಳುತ್ತದೆ. ಆಮೇಲೆ ಕರೆಂಟು ಯಾವಾಗ ಬರುತ್ತದೆ ಅಂತ ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಟವರ್‌ನ ಬ್ಯಾಟರಿ ಮುಗಿದರೆ ನೆಟ್‌ವರ್ಕ್ ಕೂಡ ಇಲ್ಲ.

ಕೈಯಲ್ಲಿದ್ದ ಕೆಲಸ ಚಿಕ್ಕದೇ. ಒಂದು ಪವರ್ ಮ್ಯಾನೇಜ್‌ಮೆಂಟ್ ಚಿಪ್‌ನ ಡಿವೈಸ್ ಟ್ರೀ ಬೈಂಡಿಂಗ್, ಅಂದರೆ ಆ ಚಿಪ್ಪನ್ನು ಕರ್ನಲ್‌ಗೆ ಹೇಗೆ ವಿವರಿಸಬೇಕು ಅನ್ನುವ ಟಿಪ್ಪಣಿ, ಹಳೆಯ ಟೆಕ್ಸ್ಟ್ ಫೈಲ್ ಆಗಿ ಉಳಿದಿತ್ತು. ಅದನ್ನು ಯಾಮೆಲ್ ಸ್ಕೀಮಾ, ಅಂದರೆ ಮೆಷಿನ್ ಓದಿ ಪರೀಕ್ಷಿಸಬಲ್ಲ ನಿಯಮಗಳ ಫೈಲ್, ಮಾಡಬೇಕು. ಚಿಪ್‌ನ ಹೆಸರು ಇಲ್ಲಿ ಬೇಡ.

"ಕರೆಂಟೇ ಇಲ್ಲ, ಕೂತ್ಕೊಂಡು ಕರೆಂಟಿನ ಲೆಕ್ಕ ಬರೀತಿದ್ದೀಯಲ್ಲೋ" ಅಂತ ಚಿಕ್ಕಪ್ಪ ನಕ್ಕರು. ಮನೆಯ ಇನ್ವರ್ಟರ್ ಅವರ ಸುಪರ್ದಿಯಲ್ಲಿ ಇತ್ತು. ಕೋಳಿಮರಿಗಳ ಬಲ್ಬಿಗೆ ಮೊದಲ ಹಕ್ಕು, ಉಳಿದರೆ ನನ್ನ ಲ್ಯಾಪ್‌ಟಾಪ್‌ಗೆ.

ಅದೇನು ಚಿಪ್ಪು ಅಂತ ಕೇಳಿದರು. ನಮ್ಮ ತೋಟದ ಟ್ಯಾಂಕಿಯನ್ನೇ ತೋರಿಸಿದೆ. ಗುಡ್ಡದ ಮೇಲಿನ ಒಂದೇ ಟ್ಯಾಂಕಿಯಿಂದ ಪಲ್ಪರ್‌ಗೆ ಒಂದು ಪೈಪ್, ನರ್ಸರಿಗೆ ಒಂದು, ಲೈನ್ ಮನೆಗಳಿಗೆ ಇನ್ನೊಂದು. ಪ್ರತಿಯೊಂದಕ್ಕೂ ಗೇಟ್ ವಾಲ್ವ್. ಮೊಬೈಲ್ ಒಳಗೂ ಹಾಗೇ. ಬ್ಯಾಟರಿಯಿಂದ ಬರುವುದು 3.7 ವೋಲ್ಟ್ ಆಸುಪಾಸು. ಪ್ರೊಸೆಸರ್ ಕೋರ್‌ಗೆ 1 ವೋಲ್ಟ್ ಸುತ್ತಮುತ್ತ ಸಾಕು, ಎಸ್‌ಡಿ ಕಾರ್ಡ್‌ಗೆ 3.3 ಬೇಕು. ಇದನ್ನೆಲ್ಲ ಹಂಚುವುದು ಆ ಚಿಪ್. ಅದರೊಳಗೆ ಬಕ್ ಅಂತ ಒಂದು ಜಾತಿ ಇದೆ, ಕಾಯಿಲ್ ಇಟ್ಟುಕೊಂಡು ಬೇಗ ಬೇಗ ಸ್ವಿಚ್ ಮಾಡಿ ವೋಲ್ಟೇಜ್ ಇಳಿಸುತ್ತದೆ. ನಷ್ಟ ಕಡಿಮೆ. ಇನ್ನೊಂದು ಎಲ್‌ಡಿಒ. ಹೆಚ್ಚಿನ ವೋಲ್ಟೇಜನ್ನು ಬಿಸಿ ಮಾಡಿ ಕಳೆಯುತ್ತದೆ. 3.7ರಿಂದ 1.8ಕ್ಕೆ ಇಳಿಸಿದರೆ ಅರ್ಧಕ್ಕರ್ಧ ಬಿಸಿಯಾಗಿಯೇ ಹೋಯಿತು. ಆದರೆ ಅದರ ಔಟ್‌ಪುಟ್‌ನಲ್ಲಿ ಗದ್ದಲ ತುಂಬಾ ಕಡಿಮೆ. ಈ ಎರಡೂ ಜಾತಿಗೆ ರೆಗ್ಯುಲೇಟರ್ ಅಂತ ಹೆಸರು. ಹಾಗಾಗಿ ಆಡಿಯೋ, ಕ್ಯಾಮೆರಾ ಥರದವಕ್ಕೆ ಅದೇ ಬೇಕು.

ಚಿಕ್ಕಪ್ಪ ಸುಮ್ನೆ ಕೇಳಿಸಿಕೊಳ್ಳುವವರಲ್ಲ. "ಪೆನ್‌ಡ್ರೈವ್ ಹಾಕಿದ್ರೆ ಕಂಪ್ಯೂಟರ್‌ಗೆ ತಾನೇ ಗೊತ್ತಾಗುತ್ತೆ. ಇದಕ್ಯಾಕೆ ನೀನು ಬರೆದು ಕೊಡ್ಬೇಕು?" ಅಂದರು.

ಈ ಕೆಲಸದಲ್ಲಿ ಇರುವವರೂ ಎಷ್ಟೋ ಜನ ಈ ಪ್ರಶ್ನೆ ಕೇಳಿರುವುದಿಲ್ಲ. ಯುಎಸ್‌ಬಿ ಸಾಧನ ತಾನು ಯಾರು ಅಂತ ತಾನೇ ಹೇಳಿಕೊಳ್ಳುತ್ತದೆ. ಪವರ್ ಚಿಪ್‌ಗಳು ಹೆಚ್ಚಾಗಿ ಐ2ಸಿ ಅನ್ನುವ ಎರಡು ತಂತಿಯ ಬಸ್ ಮೇಲೆ ಕೂತಿರುತ್ತವೆ. ಅಲ್ಲಿ ಹೆಸರು ಕೇಳುವ ಪದ್ಧತಿಯೇ ಇಲ್ಲ. ಈ ಬಸ್‌ನಲ್ಲಿ, ಈ ವಿಳಾಸದಲ್ಲಿ, ಇಂಥ ಚಿಪ್ ಇದೆ, ಅದರ ಈ ಔಟ್‌ಪುಟ್ ಅಲ್ಲಿಗೆ ಹೋಗಿದೆ ಅಂತ ಯಾರಾದರೂ ಕರ್ನಲ್‌ಗೆ ಹೇಳಬೇಕು. ಆ ವಿವರವೇ ಡಿವೈಸ್ ಟ್ರೀ. ಕಂಪ್ಯೂಟರ್ ಏಳಿಸುವ ಓಪನ್ ಫರ್ಮ್‌ವೇರ್ ಅನ್ನುವ ಹಳೆಯ ವ್ಯವಸ್ಥೆಯ ಕಾಲದಿಂದ ಬಂದದ್ದು, 1994ರಲ್ಲಿ ಐಇಇಇ 1275 ಅಂತ ಸ್ಟ್ಯಾಂಡರ್ಡ್ ಕೂಡ ಆಗಿತ್ತು. 2011ರಲ್ಲಿ ಆರ್ಮ್ (ಮೊಬೈಲ್‌ಗಳಲ್ಲಿ ಇರುವ ಪ್ರೊಸೆಸರ್ ಜಾತಿ) ಬೋರ್ಡ್‌ಗಳ ಕೋಡ್ ಕರ್ನಲ್‌ನಲ್ಲಿ ರಾಶಿ ಬಿದ್ದು, ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ರೇಗಿದ ಮೇಲೆ ಆರ್ಮ್ ಕಡೆಯವರೂ ಇದನ್ನೇ ಹಿಡಿದುಕೊಂಡರು.

ಡಿವೈಸ್ ಟ್ರೀಯಲ್ಲಿ ಏನೇನು ಬರೆಯಬಹುದು ಅಂತ ಹೇಳುವುದು ಬೈಂಡಿಂಗ್. ಮೊದಲು ಅದು ಬರೀ ಇಂಗ್ಲಿಷ್ ಟಿಪ್ಪಣಿ. ಮನುಷ್ಯರು ಓದಬಹುದು, ಮೆಷಿನ್ ಓದಿ ತಪ್ಪು ಹಿಡಿಯಲಾರದು. ಕರ್ನಲ್‌ನಲ್ಲಿ ಡಿವೈಸ್ ಟ್ರೀ ನೋಡಿಕೊಳ್ಳುವ ರಾಬ್ ಹೆರಿಂಗ್ ಮುಂದೆ ನಿಂತು, 2018ರ ಕೊನೆಯ ಹೊತ್ತಿಗೆ ಸ್ಕೀಮಾ ರೂಪ ತಂದರು. ಸಾವಿರಗಟ್ಟಲೆ ಟೆಕ್ಸ್ಟ್ ಫೈಲ್‌ಗಳಿದ್ದವು. ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡು ಬದಲಾಯಿಸುತ್ತಾ ಬಂದಿದ್ದಾರೆ.

ಬರೆಯುವುದು ಕಷ್ಟವಲ್ಲ. ಕಂಪ್ಯಾಟಿಬಲ್ ಅಂದರೆ ಇಂಥ ಚಿಪ್ ಅಂತ ಗುರುತಿಸುವ ಹೆಸರು, ವಿಳಾಸ, ಇಂಟರಪ್ಟ್ ಅಂದರೆ ಚಿಪ್ ಪ್ರೊಸೆಸರನ್ನು ತಟ್ಟಿ ಕರೆಯುವ ಸಂಕೇತದ ತಂತಿ, ಒಳಗೆ ರೆಗ್ಯುಲೇಟರ್‌ಗಳ ಪಟ್ಟಿ. ಪ್ರತಿ ರೆಗ್ಯುಲೇಟರ್‌ಗೂ ಎಲ್ಲರಿಗೂ ಸಾಮಾನ್ಯವಾದ ರೆಗ್ಯುಲೇಟರ್ ಸ್ಕೀಮಾವನ್ನು ಜೋಡಿಸಿದರೆ ವೋಲ್ಟೇಜ್ ಮಿತಿಗಳೆಲ್ಲ ಅಲ್ಲಿಂದಲೇ ಬರುತ್ತವೆ. ಎಲ್ಲವೂ ಮೈಕ್ರೋವೋಲ್ಟ್‌ನಲ್ಲಿ. 1.1 ವೋಲ್ಟ್ ಅಂದರೆ 1100000. ಟ್ಯಾಬ್ ಬಳಸುವಂತಿಲ್ಲ, ಸ್ಪೇಸ್ ಮಾತ್ರ. ಆ ಒಂದು ಫೈಲನ್ನಷ್ಟೇ ಪರೀಕ್ಷಿಸಲು ನೆಟ್ ಬೇಕಾಗುವುದಿಲ್ಲ. ಮಳೆ ಸುರಿಯುತ್ತಿದ್ದಾಗ ಇದೊಂದು ಅನುಕೂಲ.

ಆಟ ಶುರುವಾಗುವುದು ಆಮೇಲೆ. ನಿಜವಾದ ಬೋರ್ಡ್‌ಗಳ ಡಿವೈಸ್ ಟ್ರೀಗಳನ್ನು ಹೊಸ ಸ್ಕೀಮಾಕ್ಕೆ ಹಿಡಿದು ನೋಡಿದೆ. ಎಚ್ಚರಿಕೆಗಳ ಸಾಲು ಸಾಲು. ಟೆಕ್ಸ್ಟ್ ಫೈಲ್ ಒಂದು ಹೇಳಿತ್ತು, ಬೋರ್ಡ್‌ನವರು ತಮಗೆ ತೋಚಿದ್ದು ಬರೆದಿದ್ದರು.

ಒಂದು ಬೋರ್ಡ್‌ನಲ್ಲಿ 'ರೆಗ್ಯುಲೇಟರ್ ಆಲ್ವೇಸ್ ಆನ್' ಅನ್ನುವ ಸಾಲಿನಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು. ನೋಡಿ, ಇದು ಎಂಥ ತಪ್ಪು ಅಂತ. ಕರ್ನಲ್ ಗೊತ್ತಿಲ್ಲದ ಹೆಸರನ್ನು ಕಂಡರೆ ಬೈಯುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಬೂಟ್ ಆಗಿ ಸುಮಾರು 30 ಸೆಕೆಂಡ್ ಆದ ಮೇಲೆ, ಯಾವ ಡ್ರೈವರೂ (ಒಂದೊಂದು ಸಾಧನವನ್ನು ನಡೆಸುವ ಕೋಡ್) ಕೇಳಿಕೊಳ್ಳದ ರೆಗ್ಯುಲೇಟರ್‌ಗಳನ್ನು ಅದು ಆಫ್ ಮಾಡುತ್ತದೆ. ಪವರ್ ಉಳಿಸುವುದಕ್ಕೆ ಅದು ಸರಿಯೇ. ಆದರೆ ಯಾವಾಗಲೂ ಆನ್ ಇರಲೇಬೇಕಾದ ಪವರ್ ಲೈನ್ ಮೇಲೆ ಆ ಗುರುತು ಇಲ್ಲದಿದ್ದರೆ? ಬೋರ್ಡ್ ಚೆನ್ನಾಗಿಯೇ ಏಳುತ್ತದೆ, ಲಾಗಿನ್ ಬರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಸಾಯುತ್ತದೆ. ಹುಡುಕುವವನು ಮೆಮೊರಿಯನ್ನು ಬೈಯುತ್ತಾನೆ, ಅಡಾಪ್ಟರ್ ಬದಲಾಯಿಸುತ್ತಾನೆ. ಈ ಬೋರ್ಡ್‌ನ ಅದೃಷ್ಟಕ್ಕೆ ಅದೇ ಲೈನನ್ನು ಇನ್ನೊಂದು ಡ್ರೈವರ್ ಹಿಡಿದುಕೊಂಡಿತ್ತು. ಹಾಗಾಗಿ ಇಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಪ್ರಾಪರ್ಟಿ ಬೇಡ ಅಂತ ಸ್ಕೀಮಾದ ಕೊನೆಯಲ್ಲಿ ಬರೆಯುವ ಒಂದೇ ಸಾಲು ಇದನ್ನು ಹಿಡಿದುಕೊಟ್ಟಿತು. ಆ ಸಾಲಿನ ಮೇಲೆ ನನಗೆ ಗೌರವ ಜಾಸ್ತಿಯಾಗಿದ್ದು ಆ ದಿನವೇ.

ಇನ್ನೊಂದು ತಕರಾರು ಇಷ್ಟು ಸುಲಭದ್ದಲ್ಲ. ಇಂಟರಪ್ಟ್ ಕಡ್ಡಾಯ ಅಂತ ಹಳೆಯ ಫೈಲ್ ಹೇಳಿತ್ತು. ಎರಡು ಬೋರ್ಡ್‌ಗಳ ಡಿವೈಸ್ ಟ್ರೀಯಲ್ಲಿ ಅದು ಇರಲಿಲ್ಲ. ಕಡ್ಡಾಯ ತೆಗೆದರೆ ಎಚ್ಚರಿಕೆ ಮಾಯ. ಆದರೆ ಎಚ್ಚರಿಕೆ ಮಾಯವಾಗಲಿ ಅಂತ ಸ್ಕೀಮಾ ಸಡಿಲ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಡ್ರೈವರ್ ಕೋಡ್ ನೋಡಿದರೆ ಇಂಟರಪ್ಟ್ ಇಲ್ಲದೆಯೂ ನಡೆಯುತ್ತಿತ್ತು. ಅದೂ ಉತ್ತರವಲ್ಲ. ಬೈಂಡಿಂಗ್ ಹೇಳಬೇಕಾದದ್ದು ಹಾರ್ಡ್‌ವೇರ್ ಹೇಗಿದೆ ಅಂತ, ಡ್ರೈವರ್ ಇವತ್ತು ಏನು ಮಾಡುತ್ತದೆ ಅಂತ ಅಲ್ಲ. ಅದೇ ವಿವರವನ್ನು ಕರ್ನಲ್‌ಗಿಂತ ಮೊದಲು ಬೋರ್ಡ್ ಏಳಿಸುವ ಯು-ಬೂಟ್ ಅನ್ನುವ ಪ್ರೋಗ್ರಾಂ ಕೂಡ ಓದುತ್ತದೆ. ಹಾಗಾದರೆ ಕೇಳಬೇಕಾದದ್ದು ಒಂದೇ: ಆ ಬೋರ್ಡ್‌ನಲ್ಲಿ ಇಂಟರಪ್ಟ್ ಪಿನ್‌ನಿಂದ ತಂತಿ ಎಳೆದಿದ್ದಾರಾ ಇಲ್ವಾ? ಎಳೆದೂ ಬರೆಯಲು ಮರೆತಿದ್ದರೆ ತಪ್ಪು ಬೋರ್ಡ್ ಫೈಲಿನದು. ಎಳೆದೇ ಇಲ್ಲದಿದ್ದರೆ ತಪ್ಪು ಹಳೆಯ ಟಿಪ್ಪಣಿಯದು.

ಅದಕ್ಕೆ ಸ್ಕೀಮ್ಯಾಟಿಕ್, ಅಂದರೆ ಬೋರ್ಡ್‌ನ ಸರ್ಕ್ಯೂಟ್ ಡ್ರಾಯಿಂಗ್, ಬೇಕು. ಕೊಡೆ ಹಿಡಿದು ಶಾಲೆಯ ದಿಬ್ಬ ಹತ್ತಿದೆ. ಅಲ್ಲಿ ಮಾತ್ರ ಒಂದೆರಡು ಕಡ್ಡಿ ಸಿಗ್ನಲ್. ಜಿಗಣೆ ಕೀಳುತ್ತಲೇ ಬೆಂಗಳೂರಿನ ಗೆಳೆಯನಿಗೆ ವಾಟ್ಸಾಪ್ ಮಾಡಿದೆ. ಅವನ ಲ್ಯಾಬ್‌ನಲ್ಲಿ ಒಂದು ಬೋರ್ಡ್ ಇತ್ತು, ಎರಡರದ್ದೂ ಡ್ರಾಯಿಂಗ್ ಇತ್ತು. ಪೂರ್ತಿ ಪಿಡಿಎಫ್ ಕಳಿಸಿದ. ಅದು ಇಳಿಯುವ ಮಾತೇ ಇರಲಿಲ್ಲ. ಬೇಕಾದ ಮೂಲೆಯದ್ದಷ್ಟೇ ಫೋಟೋ ಕಳಿಸು ಮಾರಾಯಾ ಅಂದೆ. ಒಂದು ಬೋರ್ಡ್‌ನಲ್ಲಿ ಪಿನ್‌ಗೆ ಪುಲ್-ಅಪ್ ರೆಸಿಸ್ಟರ್ ಇತ್ತು, ಅಷ್ಟೇ, ಅಲ್ಲಿಂದ ಮುಂದೆ ಎಲ್ಲಿಗೂ ಹೋಗಿರಲಿಲ್ಲ. ಇನ್ನೊಂದರಲ್ಲಿ ಪ್ರೊಸೆಸರ್‌ನ ಜಿಪಿಐಒ ಪಿನ್‌ಗೆ (ಯಾವುದಕ್ಕೆ ಬೇಕಾದರೂ ಬಳಸುವ ಪಿನ್) ಸರಿಯಾಗಿ ಹೋಗಿತ್ತು, ಬರೆಯುವವರು ಮರೆತಿದ್ದರು. ಅಂದರೆ ಎರಡೂ ಕಡೆ ತಪ್ಪು. ಕಡ್ಡಾಯ ತೆಗೆದೆ, ಯಾಕೆ ಅಂತ ಬದಲಾವಣೆಯ ಜೊತೆ ಹೋಗುವ ಕಮಿಟ್ ಸಂದೇಶದಲ್ಲಿ ಬರೆದೆ. ಎರಡನೆಯ ಬೋರ್ಡ್‌ಗೆ ಇಂಟರಪ್ಟ್ ಸೇರಿಸಲು ಬೇರೆ ಪ್ಯಾಚ್, ಅಂದರೆ ಬೇರೆ ತಿದ್ದುಪಡಿ. ಅಕ್ಷರ ಬಿಟ್ಟಿದ್ದಕ್ಕೆ ಇನ್ನೊಂದು.

ಕಳಿಸಿದ್ದೂ ದಿಬ್ಬದ ಮೇಲಿಂದಲೇ. ಪ್ಯಾಚ್ ಅಂದರೆ ಬರೀ ಟೆಕ್ಸ್ಟ್ ಇಮೇಲ್, ಕೆಲವೇ ಕೆಬಿ. ಎಷ್ಟೇ ಬಡ ಸಿಗ್ನಲ್ ಆದರೂ ಹೋಗುತ್ತದೆ. ಇಷ್ಟು ಹಳೇ ಪದ್ಧತಿ ಯಾಕೆ ಅಂತ ಗೊಣಗುವವರು ಒಂದು ಮಳೆಗಾಲ ನಮ್ಮೂರಿಗೆ ಬಂದು ಇರಲಿ.

ರಿವ್ಯೂ ಮಾಡಿದವರು ಸ್ಕೀಮಾದೊಳಗಿನ ಉದಾಹರಣೆಯಲ್ಲಿ ನೋಡ್‌ನ (ಟ್ರೀಯ ಒಂದು ಕೊಂಬೆಯ) ಹೆಸರು ಬದಲಾಯಿಸಲು ಹೇಳಿದರು, ಇಂಟರಪ್ಟ್ ಬಗ್ಗೆ ಏನೂ ಕೇಳಲಿಲ್ಲ. ಪ್ರತಿ ಸ್ಕೀಮಾದಲ್ಲೂ ಮೇಂಟೇನರ್, ಅಂದರೆ ಅದನ್ನು ನೋಡಿಕೊಳ್ಳುವವರ, ಹೆಸರು ಇರಲೇಬೇಕು ಅನ್ನುವ ನಿಯಮವಿದೆ. ಹಳೆಯ ಫೈಲ್‌ಗೆ ವಾರಸುದಾರರು ಇರಲಿಲ್ಲ, ನನ್ನ ಹೆಸರನ್ನೇ ಹಾಕಿದ್ದೆ. ಇನ್ನು ಯಾರು ಅದನ್ನು ಮುಟ್ಟಿದರೂ ನನಗೆ ಇಮೇಲ್ ಬರುತ್ತದೆ.

"ಸಂಬಳ ಎಷ್ಟಂತೆ?" ಅಂತ ಚಿಕ್ಕಪ್ಪ ಕೇಳಿದರು. ಏನೂ ಇಲ್ಲ ಅಂದೆ. ಹಾಗಾದ್ರೆ ಸಹಕಾರ ಸಂಘದ ಡೈರೆಕ್ಟರ್ ಥರ ಅನ್ನು, ಅಂದರು.